ಹಿಡಿಯುತ್ತಾ ಅಂದ್ರೆ, ಹಿಡಿಯುತ್ತೆ

"ಸಾರ್, ಇದಕ್ಕೂ ಅದಕ್ಕೂ ವೆಲ್ಡಿಂಗ್ ಹಿಡಿಯುತ್ತಾ?" ಜೊತೆಗೆ ತುಕ್ಕು ಹಿಡಿದ ತುಂಡಿನದೊಂದು ವಾಟ್ಸಾಪ್ ಫೋಟೋ. ಯಾವ ಗ್ರೇಡ್ ಅಂದರೆ "ಗಟ್ಟಿ ಕಬ್ಬಿಣ ಸಾರ್". ಫೋಟೋ ನೋಡಿ ಕಾರ್ಬನ್ ಎಷ್ಟಿದೆ ಅಂತ ಹೇಳೋಕೆ ನಾನೇನು ಕಣಿ ಹೇಳೋನಾ?

ಹಿಡಿಯುತ್ತೆ. ಕರೆಂಟ್ ಕೊಟ್ಟರೆ ಯಾವ ಉಕ್ಕಾದರೂ ಕರಗುತ್ತೆ, ಅಂಟುತ್ತೆ, ಬೀಡೂ (ಬೆಸುಗೆಯ ಗೆರೆ) ಚೆಂದ ಕಾಣುತ್ತೆ. ನಾಳೆಗೂ ಇರುತ್ತಾ ಅನ್ನೋದು ಬೇರೆ ಮಾತು.

ಹೆಚ್ಚು ಕೇಳೋದು ಇಎನ್-8 (ಮಧ್ಯಮ ಕಾರ್ಬನ್ ಉಕ್ಕು) ಶಾಫ್ಟಿಗೆ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪ್ಲೇಟ್ ಹಚ್ಚೋದನ್ನ. ಉಕ್ಕಿನ ಕಾರ್ಬನ್ ಈಕ್ವಿವಲೆಂಟ್ ಹೆಚ್ಚಿದಷ್ಟೂ ಬೆಸುಗೆ ಬಿರಿಯೋ ಅಪಾಯ ಹೆಚ್ಚು. ಶೇಕಡಾ ಪ್ರಮಾಣದಲ್ಲಿ ಅದರ ಲೆಕ್ಕ ಹಾಕಿ: ಕಾರ್ಬನ್ನಿಗೆ ಮ್ಯಾಂಗನೀಸಿನ ಆರನೇ ಒಂದು ಭಾಗ ಕೂಡಿಸಿ. ಕ್ರೋಮಿಯಂ, ಮಾಲಿಬ್ಡಿನಮ್, ವೆನೇಡಿಯಂ ಇದ್ದರೆ ಅವುಗಳ ಮೊತ್ತದ ಐದನೇ ಒಂದು. ನಿಕ್ಕಲ್, ತಾಮ್ರ ಇದ್ದರೆ ಹದಿನೈದನೇ ಒಂದು. ಭಾರತೀಯ ಮಾನಕ ಐಎಸ್ 2062ರ ಇ250 ಅನ್ನೋ ಎಂಎಸ್ ಪ್ಲೇಟಿಗೆ ಇದು 0.42 ದಾಟಬಾರದು. ಇಎನ್-8ಕ್ಕೆ 0.40 ಕಾರ್ಬನ್, 0.80 ಮ್ಯಾಂಗನೀಸ್ ಹಿಡಿದರೂ 0.53. ಇಎನ್-24 (ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಉಕ್ಕು) ಆದರೆ 0.9ರ ಹತ್ತಿರ.

ತಣ್ಣಗಿರುವ ದಪ್ಪ ಶಾಫ್ಟ್ ಬೆಸುಗೆಯ ಬಿಸಿಯನ್ನ ಒಂದೇ ಸಲಕ್ಕೆ ಹೀರುತ್ತೆ. ಬೀಡಿನ ಪಕ್ಕದ ಉಕ್ಕು ಮಾರ್ಟೆನ್ಸೈಟ್ ಅನ್ನೋ ಗಡುಸು ರೂಪಕ್ಕೆ ತಿರುಗಿ ಗಾಜಿನಂತೆ ಒಡೆಯೋ ಹಾಗಾಗುತ್ತೆ. ಅದರ ಮೇಲೆ ತೇವ ಕುಡಿದ ವೆಲ್ಡಿಂಗ್ ರಾಡಿನ ಹೈಡ್ರೋಜನ್. ಬಿರುಕು ಬೀಡಲ್ಲಿ ಅಲ್ಲ, ಪಕ್ಕದಲ್ಲಿ, ಅದೂ ಕೆಲವೊಮ್ಮೆ 48 ಗಂಟೆ ಕಳೆದ ಮೇಲೆ. ವೆಲ್ಡರ್ ಅಷ್ಟೊತ್ತಿಗೆ ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ.

ಕಡಿಮೆ ಹೈಡ್ರೋಜನ್ನಿನ 7018 ರಾಡನ್ನ ಓವನ್ನಿನಲ್ಲಿ 300–350 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿ. ಶಾಫ್ಟನ್ನ 150–200 ಡಿಗ್ರಿಗೆ ಬಿಸಿ ಮಾಡಿ. ನಿಗದಿತ ಬಿಸಿಗೆ ಕರಗೋ ಟೆಂಪರೇಚರ್ ಚಾಕನ್ನ ಜಾಯಿಂಟಿನಿಂದ 75 ಮಿ.ಮೀ. ಆಚೆ ಎಳೆದು ನೋಡಿ, ಜಾಯಿಂಟಿನ ಮೇಲೇ ಅಲ್ಲ. ಕೆಲಸ ಮುಗಿಯೋವರೆಗೆ ಬಿಸಿ ಇಳಿಯಬಾರದು. ಮುಗಿದ ಮೇಲೆ ಒಣ ಸುಣ್ಣದ ಪುಡಿಯಲ್ಲಿ ಹೂತು ಬಿಡಿ, ನಿಧಾನಕ್ಕೆ ತಣಿಯಲಿ. ನೀರು ಹುಯ್ಯೋರಿಗೆ ನಾನು ಏನೂ ಹೇಳಲ್ಲ. "ಇನ್ನೂ ಸ್ಟ್ರಾಂಗ್ ರಾಡ್ ಹಾಕಲಾ?" ಬೇಡ. ಹೇಗೂ ಮೊದಲು ಸೋಲೋದು ಎಂಎಸ್ ಕಡೆ. ರಾಡ್ ಅದಕ್ಕೆ ಸಮ ಇದ್ದರೆ ಸಾಕು.

ಎಂಎಸ್‌ಗೆ 304 ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಹಚ್ಚೋದಾದರೆ 309ಎಲ್ ರಾಡ್. ಅಂಗಡಿಯವನು ಕೊಡೋದು 308ಎಲ್. ಅದರ 20 ಭಾಗ ಕ್ರೋಮಿಯಂ, 10 ಭಾಗ ನಿಕ್ಕಲ್ಲಿಗೆ ಎಂಎಸ್ ಶೇ. 30 ಬೆರೆತರೆ ಉಳಿಯೋದು 14, 7. ಮತ್ತೆ ಅದೇ ಮಾರ್ಟೆನ್ಸೈಟ್. 309ಎಲ್‌ನಲ್ಲಿ 23, 13ರಷ್ಟು ಇರೋದು ಈ ಬೆರಕೆ ತಡೆಯೋಕೇ. ಮ್ಯಾಗ್ನೆಟ್ ಇಟ್ಟು "304ನೇ" ಅನ್ನಬೇಡಿ, ಅಗ್ಗದ ಎಸ್‌ಎಸ್ ಆದ 202 ಕೂಡ ಮ್ಯಾಗ್ನೆಟ್ಟಿಗೆ ಅಂಟಲ್ಲ.

ಇದನ್ನ ಬೆಸೆಯಲೇಬೇಕಾ ಅಂತ ಮಾತ್ರ ಯಾರೂ ಕೇಳಲ್ಲ. ಇಎನ್-1ಎ ಅನ್ನೋ ಉಕ್ಕು ಲೇತಿನಲ್ಲಿ ಕತ್ತರಿಸೋಕೆ ಬೆಣ್ಣೆ. ಆ ಬೆಣ್ಣೆತನಕ್ಕೆ ಹಾಕಿದ ಗಂಧಕವೇ ಬೀಡಿನ ನಡುವೆ ಕೊನೆಗೆ ಗಟ್ಟಿಯಾಗಿ ಬೀಡನ್ನ ಉದ್ದಕ್ಕೆ ಸೀಳುತ್ತೆ. ಹಾರ್ಡನ್ ಮಾಡಿದ ಇಎನ್-24 ಬೆಸುಗೆಯ ಪಕ್ಕದಲ್ಲಿ ಹದ ಕಳಕೊಳ್ಳುತ್ತೆ. ಎರಡಕ್ಕೂ ಕೀ-ವೇ (ಕೀ ಕೂರೋ ಕಾಲುವೆ) ಹೊಡೆದು ಹಬ್ ಕೂರಿಸಿ, ಇಲ್ಲವೇ ಬೋಲ್ಟ್ ಹಾಕಿ.

ಇನ್ನೊಂದು. ಬಾರಿನ ತುದಿಯಲ್ಲಿ ಗ್ರೇಡ್ ಗುರುತಿನ ಬಣ್ಣ, ಹೀಟ್ ನಂಬರ್ (ಉಕ್ಕು ಕರಗಿಸಿದ ಸರದಿಯ ಸಂಖ್ಯೆ) ಇರುತ್ತಲ್ಲ, ಮೊದಲ ತುಂಡು ಕತ್ತರಿಸೋದೇ ಆ ಕಡೆಯಿಂದ. ಇನ್ನೊಂದು ತುದಿಯಿಂದ ಶುರು ಮಾಡಿ, ಗುರುತು ಉಳಿದರೆ ಗ್ರೇಡ್ ಯಾವುದು ಅಂತ ಗೊತ್ತಿರುತ್ತೆ.