14 ನಡೆಯ ಡ್ರಾ

ಕಲಬುರಗಿಯ ಅಂತರಕಾಲೇಜು ಚೆಸ್ ಟೂರ್ನಿಯ ಕೊನೆಯ ಸುತ್ತಿನ ಆ ಆಟ ಹಳೆಯ ಗೆಳೆಯರು ಸೇರಿದಾಗೆಲ್ಲ ಮಾತಿಗೆ ಬರುತ್ತದೆ. ಬಿಸಿಲಿಗೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ನಡೆ ಬರೆಯುವ ಹಾಳೆ ಹಾರದಂತೆ ಹೊಡೆದ ಕಾಯಿಗಳನ್ನೇ ಮೇಲಿಟ್ಟಿದ್ದರು. ಕಪ್ಪು ಕಾಯಿ ನಮ್ಮ ಕಾಲೇಜಿನದು. ಇಬ್ಬರಿಗೂ ಅರ್ಧ ಅಂಕ ಸಾಕಿತ್ತು. "ಆಡಲಾರದೇ ಎದ್ದಾರ ನೋಡ್ರಿ" ಎಂದವರು ನಡೆಗಳನ್ನು ನೋಡಿರಲಿಲ್ಲ.

ಓಪನಿಂಗ್ (ಆಟದ ಮೊದಲ ನಡೆಗಳ ಕ್ರಮ) ಬರ್ಲಿನ್ ಡಿಫೆನ್ಸ್. ಮೊದಲು ಬಿಳಿಯ ನಡೆ, ನಂತರ ಕಪ್ಪಿನದು; ಇ4ರಂಥ ಅಕ್ಷರ-ಅಂಕಿ ಬೋರ್ಡಿನ ಮನೆಯ ಹೆಸರು: ಇ4–ಇ5, ಕುದುರೆ ಎಫ್3–ಕುದುರೆ ಸಿ6, ಒಂಟೆ ಬಿ5–ಕುದುರೆ ಎಫ್6. 2000ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ರಷ್ಯದ ಕ್ರಾಮ್ನಿಕ್ ಇದನ್ನೇ ಗೋಡೆಯಂತೆ ನಿಲ್ಲಿಸಿದ್ದರು. ಎದುರಾಳಿ ಕಾಸ್ಪರೋವ್‌ಗೆ ಆ ಪಂದ್ಯದಲ್ಲಿ ಒಂದು ಗೆಲುವೂ ಸಿಗಲಿಲ್ಲ. ಬಿಳಿಯವನು ಕ್ಯಾಸ್ಲಿಂಗ್ ಮಾಡಿದ (ರಾಜನನ್ನು ಆನೆಯ ಕಡೆ ಸರಿಸಿ ಆನೆಯನ್ನು ರಾಜನ ಇನ್ನೊಂದು ಬದಿಗಿಡುವ ನಡೆ), ಕಪ್ಪು ಕುದುರೆ ಇ4 ಪ್ಯಾದೆ ಹೊಡೆಯಿತು. ಡಿ4 ಬಂದಾಗ ಕುದುರೆ ಡಿ6ಕ್ಕೆ. ಇಲ್ಲಿ ಒಂಟೆಯಿಂದ ಸಿ6 ಹೊಡೆದರೆ ಉದ್ದದ ಆಟ. ಬಿಳಿಯವನು ಪ್ಯಾದೆಯಿಂದ ಇ5 ಹೊಡೆದ. ಕುದುರೆ ಬಿ5ರ ಒಂಟೆ ತಿಂದಿತು. ಎ4 ಆಡಿದಾಗ ಅದು ಡಿ4ಕ್ಕೆ ಜಿಗಿಯಿತು. ಅಲ್ಲಿ ಮೂರು ಕುದುರೆ ಬಿದ್ದು ಬಿಳಿ ವಜೀರ (ರಾಣಿಗೆ ನಮ್ಮ ಕಡೆಯ ಹೆಸರು) ನಿಂತಿತು. ಕಪ್ಪು ಡಿ5, ಬಿಳಿ ಪ್ಯಾದೆ ಅದನ್ನು ಆಂಪಾಸಾನ್ ಹೊಡೆಯಿತು (ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಪ್ಯಾದೆಯನ್ನು ಒಂದೇ ಮನೆ ನಡೆದಂತೆ ಎಣಿಸಿ ಹೊಡೆಯುವುದು), ಕಪ್ಪು ವಜೀರ ಡಿ6ರಲ್ಲಿ. ತಲಾ ಆರು ಪ್ಯಾದೆ.

ಈಗ ವಜೀರ ಬದಲಿಸಿಕೊಂಡರೆ ಕಪ್ಪಿಗೆ ಜೋಡಿ ಒಂಟೆಯ ನೆಮ್ಮದಿ. ಅದಕ್ಕೇ ಬಿಳಿ ವಜೀರ ಇ4ರಿಂದ ಚೆಕ್ ಕೊಟ್ಟಿತು, ಕಪ್ಪು ವಜೀರ ಇ6ಕ್ಕೆ ಅಡ್ಡ ಬಂತು, ಬಿಳಿ ಮತ್ತೆ ಡಿ4. ಆನೆ ಇ1ಕ್ಕೆ ಬಂದು ವಜೀರನನ್ನು ಕಟ್ಟಿಹಾಕುತ್ತದೆಂದು ಹೆದರಿ ಕಪ್ಪು ಹಿಂದೆ ಸರಿಯಿತು ಎಂದು ಹೊರಗೆ ಹೇಳುತ್ತಿದ್ದರು. ತಪ್ಪು. ಆ ಆನೆಗೆ ಕಾವಲಿಲ್ಲ. ಕಪ್ಪು ವಜೀರ ಅದನ್ನು ಹೊಡೆದರೆ ಅಲ್ಲೇ ಮಾತ್ (ಚೆಕ್‌ಮೇಟ್)! ನಿಜವಾದ ತೊಡಕು ಜಿ7 ಪ್ಯಾದೆ. ಅದನ್ನು ಕಾಯುವ ಎಫ್8ರ ಒಂಟೆ ಇ7ಕ್ಕೆ ಬಂದರೆ ಡಿ4ರ ಬಿಳಿ ವಜೀರ ಆ ಪ್ಯಾದೆ ಹೊಡೆಯುತ್ತದೆ. ಡಿ6ಕ್ಕೆ ಮರಳಿ ಬದಲಿ ಕೇಳುವುದೇ ಸರಿ.

ಹೀಗೆ 10, 12ನೇ ನಡೆಗಳ ನಂತರ ಒಂದೇ ಸ್ಥಿತಿ. ಅದೇ ಸ್ಥಿತಿ ಮೂರನೇ ಸಲ ಬರುವುದಾದರೆ ಡ್ರಾ ಕೇಳಬಹುದು. 14ನೇ ನಡೆಗೆ ನಮ್ಮವನ ಕೈ ವಜೀರನ ತನಕ ಹೋಗಿ ನಿಂತಿತು. ಮುಟ್ಟಿದ್ದರೆ ಆ ನಡೆಗೆ ಡ್ರಾ ಕೇಳುವ ಹಕ್ಕು ಹೋಗುತ್ತಿತ್ತು. ನಡೆಯನ್ನು ಹಾಳೆಯಲ್ಲಿ ಮಾತ್ರ ಬರೆದ, ಗಡಿಯಾರ ನಿಲ್ಲಿಸಿದ, ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದ. ಅವರು ಹಾಳೆ ನೋಡಿ ಇನ್ನೊಂದು ಬೋರ್ಡಿನಲ್ಲಿ ಆಡಿ ನೋಡಿದರು. ಮೂರನೇ ಸಲ, ಸರಿ. ಎರಡೂ ಹಾಳೆಗೆ ಅರ್ಧ-ಅರ್ಧ ಬರೆದು ಸಹಿ ಹಾಕಿಸಿದರು.