ಸಿ ಗ್ರೂಪನ್ನು ಬೇಗ ಕರೆದಾಗ

"ನಾಳೆ ಪೆಂಗ್ವಿನ್ ಎಷ್ಟು ಗಂಟೆಗೆ?"

ಹಡಗಿನ ರಿಸೆಪ್ಷನ್‌ನಲ್ಲಿ ಕೂತರೆ ಈ ಪ್ರಶ್ನೆ ಬರದ ದಿನವಿಲ್ಲ. ಕೇಳುವವರ ತಪ್ಪೇನೂ ಇಲ್ಲ. ಅವರ ಕೈಯಲ್ಲಿ ನಾವೇ ಪ್ರಿಂಟ್ ಮಾಡಿ ಕೊಟ್ಟ ಡೈಲಿ ಪ್ರೋಗ್ರಾಮ್ ಇರುತ್ತದೆ. ಅದರಲ್ಲಿ 8.30ಕ್ಕೆ ಲ್ಯಾಂಡಿಂಗ್ (ದಡಕ್ಕೆ ಇಳಿಯುವುದು) ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದನ್ನು ಟೈಪ್ ಮಾಡುವವನು ನಾನೇ, ಹಿಂದಿನ ರಾತ್ರಿ ಇ.ಎಲ್., ಅಂದರೆ ಎಕ್ಸ್‌ಪೆಡಿಶನ್ ಲೀಡರ್, ಕೊಟ್ಟ ಚೀಟಿ ನೋಡಿಕೊಂಡು. ಆ ಚೀಟಿಯನ್ನು ಗಾಳಿಗೆ ಮಾತ್ರ ಯಾರೂ ತೋರಿಸಿರುವುದಿಲ್ಲ.

ನಾನಿರುವುದು 200ಕ್ಕಿಂತ ಕಡಿಮೆ ಪ್ರಯಾಣಿಕರ ಒಂದು ಎಕ್ಸ್‌ಪೆಡಿಶನ್ ಹಡಗಿನ ಗೆಸ್ಟ್ ಸರ್ವೀಸಸ್‌ನಲ್ಲಿ. ಅರ್ಜೆಂಟೀನಾದ ಉಶುಆಯದಿಂದ ಹೊರಟು ಫಾಕ್‌ಲ್ಯಾಂಡ್, ಸೌತ್ ಜಾರ್ಜಿಯಾ ಮುಗಿಸಿ ಅಂಟಾರ್ಕ್ಟಿಕಾ ಕಡೆ ಹೋಗುವ ಸೀಸನ್ ಕೆಲಸ. ದೊಡ್ಡ ಕ್ರೂಸ್ ನೋಡಿ ಬಂದವರಿಗೆ ಇಲ್ಲಿ ಮೊದಲು ಸ್ವಲ್ಪ ಬೇಜಾರಾಗುತ್ತದೆ. ಕ್ಯಾಸಿನೋ ಇಲ್ಲ, ರಾತ್ರಿ ಶೋ ಇಲ್ಲ. ಸಂಜೆ ರೀಕ್ಯಾಪ್ ಅಂತ ಒಬ್ಬ ಗೈಡ್ ನಿಂತು ಕ್ರಿಲ್ ಎಂಬ ಸೀಗಡಿಯಂಥ ಸಣ್ಣ ಜೀವಿ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾನೆ. ಊಟದ ಮಧ್ಯೆ ತಿಮಿಂಗಿಲ ಕಂಡಿತು ಅಂತ ಬ್ರಿಜ್‌ನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ಹೇಳಿದರೆ ತಟ್ಟೆ ಬಿಟ್ಟು ಎಲ್ಲರೂ ಡೆಕ್‌ಗೆ ಓಡುತ್ತಾರೆ. ಆಗ ಅಡುಗೆಮನೆಯವರು ಬೈಯುವುದು ನಮ್ಮನ್ನು.

ಫಾಕ್‌ಲ್ಯಾಂಡ್ ಬಿಟ್ಟ ಮೇಲೆ ಸೌತ್ ಜಾರ್ಜಿಯಾಕ್ಕೆ ಎರಡು ದಿನ ಬರೀ ಸಮುದ್ರ. ತಲೆ ಸುತ್ತುವ ಜಾಯಮಾನದವರು ಮಾತ್ರೆಯನ್ನು ಅಲೆ ಶುರುವಾಗುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಬಂದು ಕೇಳಿದರೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ. ಮೊದಲ ದಿನವೇ ಮೈಕಿನಲ್ಲಿ ಇದನ್ನು ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಮಾರನೇ ಬೆಳಗ್ಗೆ ಕಾರಿಡಾರ್ ಕಂಬಿಗೆ ಸಿಕ್ಕಿಸಿದ ಪೇಪರ್ ಬ್ಯಾಗ್ ಎಲ್ಲ ಖಾಲಿ.

ಈ ಎರಡು ದಿನದಲ್ಲೇ ಬಯೋಸೆಕ್ಯುರಿಟಿ, ಅಂದರೆ ಹೊರಗಿನ ಬೀಜ, ಜೀವಿ ದ್ವೀಪಕ್ಕೆ ಹೋಗದಂತೆ ತಡೆಯುವ ಕೆಲಸ. ಲೌಂಜ್‌ನಲ್ಲಿ ವ್ಯಾಕ್ಯೂಮ್ ಕ್ಲೀನರ್, ಚಿಮುಟ, ಟಾರ್ಚ್ ಇಟ್ಟುಕೊಂಡು ಎಲ್ಲರ ಜಾಕೆಟ್, ಬ್ಯಾಗು, ಕ್ಯಾಮೆರಾ ಸ್ಟ್ಯಾಂಡ್ ತಪಾಸಣೆ ಮಾಡುತ್ತೇವೆ. ಎಲ್ಲಕ್ಕಿಂತ ಕಷ್ಟದ್ದು ವೆಲ್ಕ್ರೋ. ಅದರ ಕೊಕ್ಕೆಗಳ ಮಧ್ಯೆ ಕೂದಲಿನಷ್ಟು ಸಣ್ಣ ಹುಲ್ಲಿನ ಬೀಜ ಸಿಕ್ಕಿಕೊಂಡಿರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಒಂದು ಜಾಕೆಟ್ ತೋಳಿಗೆ ಕಾಲು ಗಂಟೆ ಹಿಡಿದದ್ದೂ ಇದೆ. "ಇಷ್ಟೆಲ್ಲಾ ಯಾಕೆ?" ಅಂತ ಕೇಳುವವರಿಗೆ ಇಲಿಯ ಕಥೆ ಹೇಳುತ್ತೇನೆ. ಸೀಲ್ ಮತ್ತು ತಿಮಿಂಗಿಲ ಬೇಟೆಗಾರರ ಹಡಗುಗಳಲ್ಲಿ ಬಂದಿಳಿದ ಇಲಿಗಳು ಸೌತ್ ಜಾರ್ಜಿಯಾ ದ್ವೀಪದ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ, ಮರಿ ತಿಂದು ಮುಗಿಸುತ್ತಿದ್ದವು. ಹೆಲಿಕಾಪ್ಟರ್‌ನಿಂದ ವಿಷದ ಉಂಡೆ ಹಾಕಿ, ವರ್ಷಗಟ್ಟಲೆ ಕಾದು, 2018ರಲ್ಲಿ ದ್ವೀಪ ಇಲಿಮುಕ್ತ ಅಂತ ಘೋಷಿಸಿದರು. ಅಷ್ಟು ಕಷ್ಟಪಟ್ಟವರು ನಿಮ್ಮ ಸಾಕ್ಸ್ ನೋಡದೆ ಬಿಡುತ್ತಾರಾ? ದ್ವೀಪದ ಹಳೇ ತಿಮಿಂಗಿಲ ಬೇಟೆ ನೆಲೆ ಗ್ರಿಟ್ವಿಕೆನ್‌ನಲ್ಲಿ ಅಲ್ಲಿನ ಸರ್ಕಾರದ ಅಧಿಕಾರಿಗಳು ಹಡಗು ಹತ್ತಿ ನಮ್ಮ ಕೆಲಸವನ್ನೇ ತಪಾಸಣೆ ಮಾಡುತ್ತಾರೆ. ಅಂಟಾರ್ಕ್ಟಿಕಾ ಅನ್ವೇಷಕ ಶ್ಯಾಕಲ್ಟನ್ ಸಮಾಧಿ ಇರುವುದೂ ಅಲ್ಲೇ. ಜನಕ್ಕೆ ಸಮಾಧಿ ನೋಡುವ ಆತುರ, ನಮಗೆ ಟಾರ್ಚ್ ಹಿಡಿದ ಅಧಿಕಾರಿಯ ಮುಖ ನೋಡುವ ಆತಂಕ.

2023ರ ಅಕ್ಟೋಬರ್‌ನಲ್ಲಿ ಹಕ್ಕಿಜ್ವರ ಆ ದ್ವೀಪಕ್ಕೂ ಬಂತು. ಅಂದಿನಿಂದ ದಡದಲ್ಲಿ ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಬ್ಯಾಗ್ ನೆಲಕ್ಕೆ ಇಡುವಂತಿಲ್ಲ. ಮಲಗಿಕೊಂಡು ಫೋಟೋ ತೆಗೆಯಬೇಕು ಅಂತ ಬಂದವರ ಮುಖ ನೋಡಬೇಕು ಆಗ. ರಾತ್ರಿ ಇನ್ನೊಂದು ಕೆಲಸ. ಹಡಗಿನ ಬೆಳಕಿಗೆ ಸಮುದ್ರದ ಹಕ್ಕಿಗಳು ಬಂದು ಡೆಕ್‌ಗೆ ಬಡಿದು ಬೀಳುತ್ತವೆ. ಹಾಗಾಗಿ ಕತ್ತಲಾದ ಮೇಲೆ ಕಿಟಕಿ ಪರದೆಯೆಲ್ಲ ಮುಚ್ಚಿರಬೇಕು. ಪರದೆ ತೆರೆದಿರುವ ಕ್ಯಾಬಿನ್‌ಗೆ ಫೋನ್ ಮಾಡಿ ಹೇಳುವವನು ನಾನು. ರಾತ್ರಿ ಹನ್ನೊಂದಕ್ಕೆ ಪರದೆ ಹಾಕಿ ಅಂತ ಫೋನ್ ಮಾಡಿದರೆ ಯಾರಿಗೆ ಇಷ್ಟವಾಗುತ್ತದೆ ಹೇಳಿ.

ಈಗ ಸೇಂಟ್ ಆಂಡ್ರೂಸ್ ಬೇ ವಿಷಯ.

ದ್ವೀಪದಲ್ಲಿ ಕಿಂಗ್ ಪೆಂಗ್ವಿನ್‌ಗಳು ಅತಿ ಹೆಚ್ಚು ಸೇರುವ ಜಾಗ ಅದು. ಸುಮಾರು ಒಂದೂವರೆ ಲಕ್ಷ ಜೋಡಿ ಎನ್ನುತ್ತಾರೆ. ನಮ್ಮ ಬ್ರೋಷರ್ ಮುಖಪುಟದಲ್ಲಿರುವುದೂ ಅದೇ. ಉದ್ದದ ಬೀಚು, ಹಿಂದೆ ಹಿಮನದಿಗಳು, ಮುಂದೆ ತೆರೆದ ಸಮುದ್ರ. ಇಲ್ಲಿ ಒಂದು ಸಲಕ್ಕೆ 100ಕ್ಕಿಂತ ಜಾಸ್ತಿ ಪ್ರಯಾಣಿಕರು ದಡದಲ್ಲಿ ಇರುವಂತಿಲ್ಲ. ಹಾಗಾಗಿ ಎ, ಬಿ ಗ್ರೂಪ್ ಮೊದಲು ಹೋಗುತ್ತವೆ. ಅವರು ಬಂದಷ್ಟು ಸಿ, ಡಿ ಹೋಗುತ್ತವೆ.

ಅವತ್ತು ಬೆಳಗ್ಗೆ ಬಿಸಿಲು. ಸ್ವೆಲ್, ಅಂದರೆ ಸಮುದ್ರದ ಉಬ್ಬಲೆ, ಕಡಿಮೆ. ಬ್ರಿಜ್‌ನಲ್ಲಿ ಗಾಳಿ 8 ನಾಟ್. ಎ, ಬಿ ಸಲೀಸಾಗಿ ಇಳಿದರು. ಸ್ವಲ್ಪ ಹೊತ್ತಿಗೆ ಬೀಚಿನಿಂದ ಇ.ಎಲ್. ರೇಡಿಯೋದಲ್ಲಿ, "ಸಿ ಗ್ರೂಪ್ ಸ್ಟ್ಯಾಂಡ್‌ಬೈ" ಅಂದ. ಸ್ಟ್ಯಾಂಡ್‌ಬೈ ಅಂದರೆ ಕ್ಯಾಬಿನ್‌ನಲ್ಲೇ ತಯಾರಾಗಿರಿ ಅಂತ. ನಾನು ಮೈಕ್ ತೆಗೆದುಕೊಂಡು, "ಸಿ ಗ್ರೂಪಿನವರು ದಯವಿಟ್ಟು ಮಡ್ ರೂಮ್‌ಗೆ ಬನ್ನಿ" ಅಂದೆ.

ಗೊತ್ತಿಲ್ಲದೆ ಹೇಳಿದ್ದಲ್ಲ. ಹಿಂದಿನ ದಿನದ ಮೀಟಿಂಗ್‌ನಲ್ಲಿ ಎಚ್.ಎಂ., ಅಂದರೆ ಹೋಟೆಲ್ ಮ್ಯಾನೇಜರ್, ಬೇಜಾರು ಮಾಡಿಕೊಂಡಿದ್ದರು. ಜೋಡಿಯಾಕ್‌ಗಳು (ದಡಕ್ಕೆ ಒಯ್ಯುವ ರಬ್ಬರ್ ದೋಣಿಗಳು) ಗ್ಯಾಂಗ್‌ವೇ ಮೆಟ್ಟಿಲಿನ ಬಳಿ ಖಾಲಿ ನಿಂತಿರುತ್ತವೆ, ಜನ ಇನ್ನೂ ಬೂಟು ಹುಡುಕುತ್ತಿರುತ್ತಾರೆ, ಫೀಡ್‌ಬ್ಯಾಕ್‌ನಲ್ಲಿ ಇದೇ ದೂರು, ಗೆಸ್ಟ್ ಸರ್ವೀಸಸ್ ಏನು ಮಾಡುತ್ತಿದೆ ಅಂತ. ಸರಿ, ಹತ್ತು ನಿಮಿಷ ಮೊದಲೇ ಇಳಿಸಿಬಿಟ್ಟರೆ ಆಯಿತು ಅಂದುಕೊಂಡೆ. ಹವಾ ಬೇರೆ ಚೆನ್ನಾಗಿತ್ತು. ಬಿಸಿಲು ನೋಡಿ ಲೆಕ್ಕ ಹಾಕಿದೆ. ಇ.ಎಲ್. ಕಣ್ಣು ಇದ್ದದ್ದು ಹಿಮನದಿಯ ಮೇಲೆ.

ಮಡ್ ರೂಮ್ ಅಂದರೆ ಕೆಳಗಿನ ಡೆಕ್‌ನ ತಗ್ಗು ಕೋಣೆ. ಲಾಕರ್, ಬೆಂಚು, ಬೂಟು ತೊಳೆಯುವ ಮೆಷೀನ್, ವಿರ್ಕಾನ್ ಎಂಬ ಸೋಂಕುನಾಶಕ ತುಂಬಿದ ತಟ್ಟೆ. ಮೇಲಿಂದ ಬರಲು ಒಬ್ಬರೇ ಇಳಿಯುವಷ್ಟು ಅಗಲದ ಮೆಟ್ಟಿಲು. ಸಿ ಗ್ರೂಪಿನ ಎಲ್ಲರೂ ಮೂರು ಪದರ ಬಟ್ಟೆ, ದಪ್ಪ ಜಾಕೆಟ್, ಲೈಫ್ ಜಾಕೆಟ್ ಹಾಕಿಕೊಂಡು ಅಲ್ಲಿ ತುಂಬಿಕೊಂಡರು. ಐದು ನಿಮಿಷಕ್ಕೆ ಕನ್ನಡಕಗಳೆಲ್ಲ ಮಂಜು.

ಆಮೇಲೆ ರೇಡಿಯೋದಲ್ಲಿ ಇ.ಎಲ್. ಧ್ವನಿ ಬದಲಾಯಿತು. ಹಿಮನದಿಯ ಮೇಲಿಂದ ಹಿಮದ ಪುಡಿ ಏಳುತ್ತಿದೆ ಅಂದ. ಕೆಟಬ್ಯಾಟಿಕ್ ಗಾಳಿ ಬರುವ ರೀತಿಯೇ ಹಾಗೆ. ಮೇಲೆ ಹಿಮದ ಮೇಲೆ ತಣ್ಣಗಾಗಿ ಭಾರವಾದ ಗಾಳಿ ಇಳಿಜಾರಿನಲ್ಲಿ ಜಾರಿ ನೇರ ಸಮುದ್ರಕ್ಕೆ ಬೀಳುತ್ತದೆ. ಬಿಸಿಲು ಹಾಗೇ ಇರುತ್ತದೆ, ಮೋಡ ಇರುವುದಿಲ್ಲ. ನೋಡನೋಡುತ್ತ 8 ಇದ್ದದ್ದು 40 ದಾಟಿತು. ನೀರಿನ ಮೇಲೆ ಬಿಳಿ ಗೆರೆಗಳು ಎದ್ದವು. "ಎಲ್ಲರೂ ವಾಪಸ್" ಅಂತ ಆದೇಶ ಬಂತು. ಕ್ಯಾಪ್ಟನ್ ಹಡಗು ತಿರುಗಿಸಿ ಒಂದು ಬದಿಗೆ ಗಾಳಿ ತಪ್ಪುವಂತೆ ನಿಲ್ಲಿಸಿದರು. ಅಂದರೆ ಎರಡು ಬಾಗಿಲಲ್ಲಿ ಒಂದು ಬಂದ್. ಉಳಿದ ಒಂದು ಬಾಗಿಲಿನ ಮುಂದೆ ಸಿ ಗ್ರೂಪ್ ಒತ್ತಿಕೊಂಡು ನಿಂತಿದೆ.

ಮೊದಲ ಜೋಡಿಯಾಕ್ ಬಂತು. ಬಾಗಿಲು ತೆರೆದ ಕೂಡಲೇ ಒಳಗಿನವರು, "ನಮ್ಮ ಸರದಿ ಬಂತಾ?" ಅಂತ ಮುಂದಕ್ಕೆ ಬಂದರು. ಹೊರಗೆ ಒದ್ದೆಯಾದ ಹತ್ತು ಜನ. ಅಲೆಗೆ ದೋಣಿ ಒಮ್ಮೆ ಮೆಟ್ಟಿಲಿನ ಮೇಲಕ್ಕೆ, ಒಮ್ಮೆ ಕೆಳಕ್ಕೆ. ನಾವಿಕ ಒಬ್ಬೊಬ್ಬರ ಮುಂಗೈ ಹಿಡಿದು ಎಳೆದು ನಿಲ್ಲಿಸುತ್ತಿದ್ದಾನೆ. ನಿಲ್ಲಿಸಿದವರನ್ನು ಒಳಗೆ ತಳ್ಳಲು ಜಾಗವಿಲ್ಲ. "ಹಿಂದೆ ಹೋಗಿ, ದಯವಿಟ್ಟು ಹಿಂದೆ" ಅಂತ ನಾನು ಕೂಗುತ್ತಿದ್ದೇನೆ. ಹಿಂದಿನವರಿಗೆ ಏನಾಗಿದೆ ಅಂತಲೇ ಗೊತ್ತಿಲ್ಲ. ಬಾಗಿಲಿನಾಚೆ ಇನ್ನೂ ಮೂರು ಜೋಡಿಯಾಕ್ ಸುತ್ತು ಹಾಕುತ್ತಿವೆ. ಪ್ರತಿ ಸುತ್ತಿಗೂ ಅದರಲ್ಲಿ ಕೂತವರ ಮೇಲೆ ತಣ್ಣೀರು. ಡೆಕ್ ನಾವಿಕರ ಮುಖ್ಯಸ್ಥ ಬೋಸನ್ ತಿರುಗಿ ಒಂದೇ ಮಾತು ಕೇಳಿದ: "ಇವರನ್ನೆಲ್ಲ ಕರೆದವರು ಯಾರು?" ಉತ್ತರಕ್ಕೆ ಅವನು ಕಾಯಲಿಲ್ಲ.

ಸಿ ಗ್ರೂಪನ್ನು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿಸಿದೆವು. ಆ ಗಡಿಬಿಡಿಯಲ್ಲಿ ಯಾರೋ ಸ್ಕ್ಯಾನರ್ ಸ್ಟ್ಯಾಂಡ್ ಅನ್ನು ಲಾಕರ್ ಹಿಂದಕ್ಕೆ ಸರಿಸಿದ್ದರು. ಕಾರ್ಡ್ ತೋರಿಸಿ ಬೀಪ್ ಅಂದರೆ ಮಾತ್ರ ಕಂಪ್ಯೂಟರ್ ಪ್ರಕಾರ ನೀವು ಹಡಗಿನಲ್ಲಿದ್ದೀರಿ. ಕೈಗವಸಿನಲ್ಲಿ ಕಾರ್ಡ್ ತೆಗೆಯಲಾಗದೆ, ಸ್ಟ್ಯಾಂಡ್ ಕಾಣದೆ ಎಷ್ಟೋ ಜನ ಹಾಗೇ ಒಳಗೆ ಬಂದರು. ನಾನು ಮಾರ್ಕರ್ ಹಿಡಿದು ಕ್ಯಾಬಿನ್ ನಂಬರ್‌ಗಳನ್ನು ಅಂಗೈ ಮೇಲೆ ಬರೆದುಕೊಂಡೆ. ಒದ್ದೆ ಕೈ, ಅರ್ಧ ಅಳಿಸಿಹೋಯಿತು.

ಕೊನೆಯ ಜೋಡಿಯಾಕ್ ಖಾಲಿಯಾಯಿತು. ಬೀಚಿನಲ್ಲಿ ಇ.ಎಲ್., ಮೂವರು ಗೈಡ್ ಮತ್ತು ಅವರಿಗಾಗಿ ಕಾದ ಒಂದು ದೋಣಿ ಮಾತ್ರ. "ಬೀಚ್ ಕ್ಲಿಯರ್, ಕೌಂಟ್ ಹೇಳಿ" ಅಂದ.

ಸ್ಕ್ರೀನ್ ನೋಡಿದೆ. ಅಂಗೈ ನಂಬರುಗಳನ್ನು ಸೇರಿಸಿದರೂ ಇಬ್ಬರು ಇನ್ನೂ ಹೊರಗೆ.

ರೇಡಿಯೋ ಬಟನ್ ಒತ್ತಿ ಅದನ್ನು ಹೇಳುವುದು ಇದೆಯಲ್ಲ, ಅದರಂಥ ಕೆಲಸ ಬೇರೆ ಇಲ್ಲ. ಬ್ರಿಜ್ ಕೇಳುತ್ತಿದೆ, ಡ್ರೈವರ್‌ಗಳು ಕೇಳುತ್ತಿದ್ದಾರೆ. ಇ.ಎಲ್. "ಸರಿ" ಅಂದ, ಅಷ್ಟೇ. ಇಬ್ಬರು ಗೈಡ್‌ಗಳು ಬಾವುಟ ನೆಟ್ಟ ದಾರಿಯಲ್ಲಿ ಮತ್ತೆ ಒಳಗೆ ಹೋದರು. ಅಲ್ಲಿ ದೊಡ್ಡ ಬಂಡೆಗಳಂತೆ ಎಲಿಫೆಂಟ್ ಸೀಲ್‌ಗಳು ಬಿದ್ದಿರುತ್ತವೆ. ಅವುಗಳ ಹಿಂದೆ ಒಬ್ಬ ಮನುಷ್ಯ ಕಾಲು ಮುರಿದು ಬಿದ್ದಿದ್ದರೂ ಕಾಣುವುದಿಲ್ಲ. ರೇಡಿಯೋದಲ್ಲಿ ಅವರ ಮಾತಿಗಿಂತ ಗಾಳಿಯ ಸದ್ದೇ ಜಾಸ್ತಿ.

ನಾನು ಎರಡೂ ಕ್ಯಾಬಿನ್‌ಗೆ ಫೋನ್ ಮಾಡಿದೆ. ಉತ್ತರವಿಲ್ಲ. ಹೆಸರು ಕರೆದು ಮೈಕಿನಲ್ಲಿ ಹೇಳಿದೆ. ಮತ್ತೆ ಹೇಳಿದೆ. ಹೌಸ್‌ಕೀಪಿಂಗ್‌ನವರು ಬಾಗಿಲು ಬಡಿಯುತ್ತ ಓಡಾಡಿದರು. ಮೊದಲನೆಯವರು ಬೆವರಿಳಿಸುವ ಬಿಸಿ ಕೋಣೆ ಸೌನಾದಲ್ಲಿ ಸಿಕ್ಕರು. ಮೈಕಿನ ಸದ್ದು ಅಲ್ಲಿಗೆ ಕೇಳುವುದಿಲ್ಲವಂತೆ. ಇದು ಯಾವ ಡ್ರಿಲ್‌ನಲ್ಲೂ ಗೊತ್ತಾಗಿರಲಿಲ್ಲ.

ಇನ್ನೊಬ್ಬರು ಎಲ್ಲೂ ಇಲ್ಲ. ಲೌಂಜ್, ಲೈಬ್ರರಿ, ಡೆಕ್, ಎಲ್ಲೂ ಇಲ್ಲ. ವಯಸ್ಸಾದವರು, ಒಬ್ಬರೇ ಬಂದಿದ್ದರು. ಇ.ಎಲ್. ಎರಡನೇ ಸಲ ಕೇಳಿದ. ಬ್ರಿಜ್‌ನಿಂದಲೂ ಕೇಳಿದರು. ಹೇಳಲು ಏನೂ ಇಲ್ಲದೆ ತಲೆ ಎತ್ತಿದೆ. ನನ್ನಿಂದ ನಾಲ್ಕು ಹೆಜ್ಜೆ ದೂರ, ಬೂಟು ತೊಳೆಯುವ ಮೆಷೀನ್ ಪಕ್ಕ ಒಬ್ಬರು ಬಗ್ಗಿ ನಿಂತು ಬ್ರಷ್‌ನಿಂದ ಅಟ್ಟೆಯ ಸಂದಿಯಲ್ಲಿದ್ದ ಪೆಂಗ್ವಿನ್ ಹಿಕ್ಕೆ ಕೆರೆಯುತ್ತಿದ್ದಾರೆ. ಒಂದೊಂದೇ ಸಂದಿ, ನಿಧಾನವಾಗಿ. ಉಪ್ಪುನೀರು ತಾಗಬಾರದು ಅಂತ ಕಿವಿಯ ಮೆಷೀನ್ ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಭುಜ ಮುಟ್ಟಿದೆ. ತಿರುಗಿ, "ಸರಿಯಾಗಿ ತೊಳೆಯಿರಿ ಅಂತ ನೀವೇ ಹೇಳಿದ್ದಲ್ವಾ?" ಅಂದರು.

ಇ.ಎಲ್. ಹಡಗಿಗೆ ಬಂದಾಗ ಹುಬ್ಬಿನ ಮೇಲೆ ಉಪ್ಪು ಕಟ್ಟಿತ್ತು. ಬೈಯಲಿಲ್ಲ. "ಸ್ಟ್ಯಾಂಡ್‌ಬೈ ಅಂದರೆ ಸ್ಟ್ಯಾಂಡ್‌ಬೈ" ಅಂದು ಕಾಫಿ ತರಲು ಹೋದ. ಬೈದಿದ್ದರೇ ಚೆನ್ನಾಗಿತ್ತು.

ಸಿ, ಡಿ ಗ್ರೂಪಿನವರು ಅಲ್ಲಿ ಇಳಿಯಲೇ ಇಲ್ಲ. ಸಂಜೆಯವರೆಗೆ ಕೌಂಟರ್ ಮುಂದೆ ಸಾಲು. ಒಬ್ಬರು ಬ್ರೋಷರ್ ಮುಖಪುಟ ಮಡಚಿಕೊಂಡು ಬಂದು, ಇದಕ್ಕೇ ದುಡ್ಡು ಕೊಟ್ಟದ್ದು, ವಾಪಸ್ ಕೊಡಿ ಅಂದರು. ಅವರ ಕೋಪದಲ್ಲಿ ಅರ್ಧ ಗಾಳಿಯ ಮೇಲೆ, ಅರ್ಧ ಆ ಸೆಕೆಯ ಕೋಣೆಯಲ್ಲಿ ಕಾಯಿಸಿದ್ದರ ಮೇಲೆ. ಮೊದಲರ್ಧಕ್ಕೆ ನಾನು ಹೊಣೆಯಲ್ಲ. ಎರಡನೇ ಅರ್ಧಕ್ಕೆ ಹೌದು. ಕ್ಯಾಬಿನ್‌ನಲ್ಲಿ ಪುಸ್ತಕ ಓದುತ್ತ ಕೂತಿದ್ದ ಡಿ ಗ್ರೂಪಿನವರು ಅಷ್ಟು ಸಿಟ್ಟಾಗಿರಲಿಲ್ಲ ಅನ್ನುವುದನ್ನು ಗಮನಿಸಿದ್ದೇನೆ. ಮಾರನೇ ದಿನ ಗೋಲ್ಡ್ ಹಾರ್ಬರ್‌ನಲ್ಲಿ ಸಿ, ಡಿಯನ್ನೇ ಮೊದಲು ಇಳಿಸಿದರು. ಅಲ್ಲಿಯೂ ಕಿಂಗ್ ಪೆಂಗ್ವಿನ್, ಮೇಲೆ ಬಂಡೆಯ ಅಂಚಿಗೆ ನೇತುಬಿದ್ದ ಬರ್ಟ್ರಾಬ್ ಹಿಮನದಿ. ದುಡ್ಡು ವಾಪಸ್ ಕೇಳಿದವರು ಕೊನೆಯ ಜೋಡಿಯಾಕ್‌ನಲ್ಲಿ ಬಂದರು, ಅದೂ ಎರಡು ಸಲ ಕರೆದ ಮೇಲೆ.

ಹಾಗಾಗಿ ಈ ಥರದ ಪ್ರಯಾಣಕ್ಕೆ ಹೊರಟವರು ಕೇಳಿದರೆ ನಾನು ಹೇಳುವುದು ಇಷ್ಟು. ಪ್ರೋಗ್ರಾಮ್‌ನಲ್ಲಿ ಜಾಗದ ಹೆಸರು ನೋಡಿ ಆಸೆ ಕಟ್ಟಿಕೊಳ್ಳಬೇಡಿ. ದಡದಲ್ಲಿ ಶೌಚಾಲಯ ಇಲ್ಲ, ಹೋಗಿಯೇ ಬನ್ನಿ. ಕರೆದ ಮೇಲೆ ಜಾಕೆಟ್ ಹಾಕಿ, ಅದಕ್ಕೂ ಮೊದಲು ಬೇಡ. ಕಾರ್ಡ್ ಹೊರಗಿನ ಜೇಬಿನಲ್ಲಿರಲಿ, ಬೀಪ್ ಕೇಳಿಸದೆ ಮುಂದೆ ಹೋಗಬೇಡಿ.

ಹಳೇ ಹಡಗುಗಳಲ್ಲಿ ಟ್ಯಾಗ್ ಬೋರ್ಡ್ ಇರುತ್ತಿತ್ತು. ಮೊಳೆಗೆ ನೇತು ಹಾಕಿದ ನಂಬರ್ ಬಿಲ್ಲೆ, ಹೋಗುವಾಗ ತಿರುಗಿಸಿ, ಬಂದಾಗ ಮತ್ತೆ ತಿರುಗಿಸಿ. ಕರೆಂಟ್ ಬೇಡ, ಒದ್ದೆ ಕೈಯಾದರೂ ನಡೆಯುತ್ತದೆ. ಸ್ಕ್ಯಾನರ್ ಜೊತೆಗೆ ಅದೂ ಇರಲಿ ಅಂತ ಆಫೀಸಿಗೆ ಬರೆದೆ. ಮಡ್ ರೂಮ್‌ನ ಇಂಟೀರಿಯರ್‌ಗೆ ಹೊಂದುವುದಿಲ್ಲ ಅಂತ ಉತ್ತರ ಬಂತು. ಬದಲಿಗೆ ಲ್ಯಾಂಡಿಂಗ್ ಫ್ಲೋ ರಿಪೋರ್ಟ್ ಅಂತ ಹೊಸ ಫಾರ್ಮ್ ಕಳಿಸಿದ್ದಾರೆ. ಪ್ರತಿ ಲ್ಯಾಂಡಿಂಗ್ ಆದ ಮೇಲೆ ನಾನೇ ತುಂಬಬೇಕು. ಸೌನಾದಲ್ಲಿ ಸ್ಪೀಕರ್ ಹಾಕಿ ಅಂದದ್ದಕ್ಕೆ ಉತ್ತರವೇ ಇಲ್ಲ.

ಬೋಸನ್ ಒಬ್ಬನೇ ಏನಾದರೂ ಮಾಡಿದವನು. ಮಡ್ ರೂಮ್ ಮೆಟ್ಟಿಲಿನ ತಲೆಗೆ ಒಂದು ಹಗ್ಗ ಕಟ್ಟಿಕೊಟ್ಟಿದ್ದಾನೆ. "ಸೆಂಡ್ ಸಿ" ಅಂತ ಬೀಚಿನಿಂದ ಬರುವವರೆಗೆ ನಾನು ಅದನ್ನು ಬಿಚ್ಚುವಂತಿಲ್ಲ. ಗೆಸ್ಟ್ ಓಡಾಡುವ ಜಾಗದಲ್ಲಿ ಹಗ್ಗ ಚೆನ್ನಾಗಿ ಕಾಣುವುದಿಲ್ಲ, ತೆಗೆಸಿ ಅಂತ ಎಚ್.ಎಂ. ಹೇಳಿದರು. ಹಗ್ಗ ಡೆಕ್ ವಿಭಾಗದ್ದು, ಬೋಸನ್‌ನನ್ನೇ ಕೇಳಿ ಅಂದೆ. ಇನ್ನೂ ಕೇಳಿದಂತಿಲ್ಲ.