ಸವಾನ್ನಾ ಹೊಳೆಯ ಆಚೆ ದಡ ಯಾರದ್ದು

ಉಪ್ಪಳ ಹೊಳೆ, ಶಿರಿಯ ಹೊಳೆ, ಮೊಗ್ರಾಲ್ ಹೊಳೆ ಅಂತ ಊರಿಗೂ ಹೊಳೆಗೂ ಒಂದೇ ಹೆಸರು ಇರುವುದು ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ. ಅಮೆರಿಕಾದ ಜಾರ್ಜಿಯಾದಲ್ಲೂ ಹಾಗೇ ಒಂದು ಬಂದರು ಉಂಟು, ಸವಾನ್ನಾ, ಹೊಳೆಯ ಹೆಸರೂ ಅದೇ. ನಾನು ಹಡಗಲ್ಲಿದ್ದ ಕಾಲದಲ್ಲಿ ಮೂರು ಸಲ ಹೋಗಿದ್ದೆ.

ಕಂಟೇನರ್ ಇಳಿಸುವ ಜಾಗ ಪೇಟೆಯಿಂದಲೂ ಮೇಲೆ, ಹಾಗಾಗಿ ಹೊಳೆಯಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್ ಹತ್ತಿದ ಮೇಲೆ ಹೊಳೆಯಲ್ಲೇ ಒಳಗೆ ಒಳಗೆ ಹೋಗ್ತಾ ಇರ್ಬೇಕು, ನಾನು ಮುಂದೆ ಹಗ್ಗದ ಹತ್ರ ನಿಂತಿದ್ದೆ, ನೋಡಿದ್ರೆ ಪೇಟೆ ಪಕ್ಕಕ್ಕೇ ಬಂತು, ದಡದಲ್ಲಿ ಐಸ್‌ಕ್ರೀಮ್ ತಿಂತಾ ಇದ್ದ ಮಗು ಕೈ ಬೀಸ್ತು, ಐಸ್‌ಕ್ರೀಮ್ ಕರಗಿ ಮೊಣಕೈವರೆಗೆ ಇಳಿದದ್ದೂ ಕಾಣ್ತಿತ್ತು ಮಾರಾಯ್ರೆ.

ಆ ದಡದ ರಸ್ತೆಗೆ ಹಾಸಿದ ಉರುಟು ಕಲ್ಲುಗಳು ಹಳೇ ಹಾಯಿಹಡಗುಗಳು ಭಾರಕ್ಕೆ ಅಂತ ತುಂಬಿಸಿ ತಂದದ್ದು. ಕಲ್ಲು ಇಳಿಸಿ ಹತ್ತಿ ತುಂಬಿಸ್ಕೊಂಡು ಹೋಗ್ತಿದ್ರು. ಎಲಿ ವಿಟ್ನಿ 1793ರಲ್ಲಿ ಹತ್ತಿಬೀಜ ಬಿಡಿಸುವ ಜಿನ್ ಮಾಡಿದ್ದೂ ಇದೇ ಊರಿನ ಹತ್ರದ ಒಂದು ತೋಟದಲ್ಲಿ, ಅದು ಬಂದ ಮೇಲೆ ಹತ್ತಿಯೂ ಹೆಚ್ಚಾಯ್ತು, ಹತ್ತಿ ಕೀಳ್ಲಿಕ್ಕೆ ಗುಲಾಮರೂ ಹೆಚ್ಚಾದ್ರು. ಚಪ್ಪಲಿ ಹಾಕ್ಕೊಂಡು ಆ ಕಲ್ಲಿನ ಮೇಲೆ ನಡೆಯುವುದು ಕಷ್ಟ, ನಾನು ಎರಡು ಸಲ ಎಡವಿದ್ದೆ.

ನನ್ಗೆ ಮಜಾ ಅನ್ಸಿದ್ದು ಗಡಿ ವಿಷಯ. ಜಾರ್ಜಿಯಾಕ್ಕೂ ಸೌತ್ ಕ್ಯಾರೊಲಿನಾಕ್ಕೂ ಈ ಹೊಳೆಯೇ ಗಡಿ. ಆದ್ರೆ ಪೇಟೆಯ ಎದುರು ಕಾಣುವುದು ಹಚಿನ್‌ಸನ್ ದ್ವೀಪ, ಅದೂ ಜಾರ್ಜಿಯಾದ್ದೇ, ಅದರ ಆಚೆ ಇನ್ನೊಂದು ಕವಲು ದಾಟಿದ ಮೇಲೆ ಮತ್ತೆ ಸೌತ್ ಕ್ಯಾರೊಲಿನಾ. 1787ರಲ್ಲೇ ಎರಡೂ ರಾಜ್ಯದವರು ಕೂತು ಹೊಳೆಯೊಳಗಿನ ದ್ವೀಪ ಎಲ್ಲ ಜಾರ್ಜಿಯಾಕ್ಕೆ ಅಂತ ಒಪ್ಪಂದ ಮಾಡಿದ್ರು. ಹೊಳೆ ಕೇಳ್ತದಾ? ಮಣ್ಣು ತುಂಬಿ ಕೆಲವು ದ್ವೀಪ ಆಚೆ ದಡಕ್ಕೇ ಅಂಟಿತು, ಕೇಸಾಯ್ತು, ಅವರ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1990ರಲ್ಲಿ. ಬಾರ್ನ್‌ವೆಲ್ ದ್ವೀಪಗಳು ಸೌತ್ ಕ್ಯಾರೊಲಿನಾಕ್ಕೆ ಹೋದ್ವು, ಎಷ್ಟೋ ವರ್ಷದಿಂದ ಅಲ್ಲಿ ತೆರಿಗೆ ತಗೊಂಡದ್ದು, ಪೊಲೀಸು ನೋಡ್ಕೊಂಡದ್ದು ಎಲ್ಲ ಅವರೇ, ಜಾರ್ಜಿಯಾ ಸುಮ್ನೆ ಕೂತಿತ್ತು ಅಂತ.

ಊರಿಗೆ ಬಂದು ಚಾ ಕುಡಿತಾ ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಲ್ಲಿ ಚಂದ್ರಗಿರಿ ಹೊಳೆಯಿಂದ ಬಡಗು ಕರ್ನಾಟಕಕ್ಕೆ ಅಂತ ಗಡಿ ಜಗಳದ ಮಹಾಜನ್ ವರದಿ ಬರೆದದ್ದನ್ನು ಈಗಲೂ ಬಾಯಿಪಾಠ ಹೇಳುವ ಜನ ಅವರು. ಗ್ಲಾಸು ಕೆಳಗಿಟ್ಟು ಬೆರಳಲ್ಲಿ ಲೆಕ್ಕ ಹಾಕಿದ್ರು.

"1787ರಿಂದ 1990, ಇನ್ನೂರ ಮೂರು ವರ್ಷ. ನಮ್ದು ಶುರುವಾದದ್ದು 56ರಲ್ಲಿ ಅಲ್ವಾ? ಹಾಗಾದ್ರೆ ಇನ್ನೂ ಟೈಮ್ ಉಂಟು ಮಾರಾಯ."